22 ಸೆಕೆಂಡು

ಅತ್ತೆಯ ವರ್ಷಾಂತಿಕಕ್ಕೆ ಹದಿನೈದು ದಿನ ಇದ್ದಾಗ ನಮ್ಮ ಗೋಪಾಳದ ಮನೆಯ ಹಳೇ ಲ್ಯಾಪ್‌ಟಾಪಿಗೆ ಆಡಾಸಿಟಿ ಹಾಕ್ಕೊಂಡೆ. ಧ್ವನಿ ರೆಕಾರ್ಡ್ ಮಾಡೋಕೆ, ಕತ್ತರಿಸೋಕೆ, ಅಂಟಿಸೋಕೆ ಇರುವ ತಂತ್ರಾಂಶ. 2000ನೇ ಇಸವಿಯಿಂದ ಇದೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಒಂದು ಪೈಸೆ ಕೊಡಬೇಕಾಗಿಲ್ಲ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆ ಇಳಿಸಿಕೊಂಡರೆ ಜೊತೆಗೆ ಬೇಡದ ಸಾಮಾನೂ ಮನೆ ಹೊಕ್ಕಬಹುದು.

ಹಾಕಿಕೊಳ್ಳೋದು ಐದು ನಿಮಿಷದ ಕೆಲಸ. ಅರ್ಧ ದಿನ ತಿಂದಿದ್ದು ಬೇರೆ. ಫೋನಿನಲ್ಲಿ ರೆಕಾರ್ಡ್ ಆಗಿದ್ದ ಎಂ4ಎ ಫೈಲನ್ನ ಅದು ತೆಗೆಯಲೇ ಇಲ್ಲ. ವಿಂಡೋಸ್‌ನಲ್ಲಿ ಅದಕ್ಕೆ ಎಫ್‌ಎಫ್‌ಎಂಪೆಗ್ ಅನ್ನೋದನ್ನ ಬೇರೆಯಾಗಿ ಹಾಕಬೇಕಂತೆ. ಮೊದಲು ಎಂಪಿ3 ಮಾಡೋಕೂ ಹೀಗೇ ಲೇಮ್ ಅನ್ನೋ ಇನ್ನೊಂದು ಬೇಕಿತ್ತು. ಎಂಪಿ3 ಪೇಟೆಂಟುಗಳು ಮುಗಿದ ಮೇಲೆ ಆ ತಾಪತ್ರಯ ತಪ್ಪಿತು.

ರೆಕಾರ್ಡಿಂಗ್ 41 ನಿಮಿಷದ್ದು. ಅತ್ತೆ ಅಂದ್ರೆ ನಮ್ಮಪ್ಪಯ್ಯನ ತಂಗಿ. ತೀರಿಕೊಳ್ಳೋಕೆ ಎರಡು ತಿಂಗಳ ಮುಂಚೆ ನಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಹಾಡಿದ ಹಸೆ ಹಾಡುಗಳು, ನಡುವೆ ಊರಿನ ಮಾತು. ಊರು ಅಂದ್ರೆ ಶರಾವತಿ ಹಿನ್ನೀರಿನ ಅಡಿಯಲ್ಲಿರೋ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ್ದರಲ್ಲಿ ಅದೂ ಒಂದು.

ಮೊದಲು ಗಲಾಟೆ ತೆಗೆಯಬೇಕಿತ್ತು. ಅದಕ್ಕೆ ನಾಯ್ಸ್ ರಿಡಕ್ಷನ್ ಅಂತ ಇದೆ. ಮಾತಿಲ್ಲದ, ಬರೀ ಫ್ಯಾನಿನ ಸದ್ದಿರುವ ಒಂದೆರಡು ಸೆಕೆಂಡು ಆರಿಸಿ "ಗಲಾಟೆ ಅಂದ್ರೆ ಇದು" ಅಂತ ಅದಕ್ಕೆ ತೋರಿಸಬೇಕು. ಆಮೇಲೆ ಇಡೀ ಫೈಲಿನಲ್ಲಿ ಅದನ್ನ ತಗ್ಗಿಸುತ್ತೆ. ಆಸೆಬುರುಕತನ ಮಾಡಿ ಜಾಸ್ತಿ ಹಾಕಿದರೆ ಅತ್ತೆ ನೀರೊಳಗಿಂದ ಹಾಡಿದ ಹಾಗೆ ಕೇಳುತ್ತೆ. (ನಮ್ಮ ಊರಿನ ವಿಷಯದಲ್ಲಿ ಇದು ತಮಾಷೆ ಅಲ್ಲ, ಒಂದು ಸಲ ಕೇಳಿ ತಕ್ಷಣ ಕಡಿಮೆ ಮಾಡಿದೆ.) ಕುಕ್ಕರಿನ ಸೀಟಿ, ಹೊರಗೆ ಸಿಟಿ ಬಸ್ಸಿನ ಹಾರನ್ನು ಹೋಗಲಿಲ್ಲ. ಇರಲಿ ಅಂತ ಬಿಟ್ಟೆ. ಗಲಾಟೆ ಯಾವುದು ಅಂತ ತೀರ್ಮಾನಿಸೋದು ತಂತ್ರಾಂಶ ಅಲ್ಲ, ನಾನು. ಇಷ್ಟು ಹೊತ್ತಿಗೆ ನನಗೆ ಅದು ಗೊತ್ತಾಗಬೇಕಿತ್ತು.

27ನೇ ನಿಮಿಷದಲ್ಲಿ ಅತ್ತೆ ಒಂದು ಸಾಲು ಮರೆತು ನಿಲ್ಲಿಸುತ್ತಾರೆ. ಆಮೇಲೆ ಹಾಡಿನ ದನಿಯಲ್ಲಲ್ಲ, ಬೇರೆಯೇ ದನಿಯಲ್ಲಿ, "ಅಣ್ಣಯ್ಯ ಪರಿಹಾರದ ದುಡ್ಡು ಇಸ್ಕೊಂಡ. ನಂಗೆ ಒಂದು ಮಾತು ಕೇಳ್ಲಿಲ್ಲ. ಕೊಡೋದು ಬಿಡು, ಕೇಳ್ಲೂ ಇಲ್ಲ" ಅಂತಾರೆ. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ ಹಾಡು ಮುಂದುವರಿಯುತ್ತೆ. ಒಟ್ಟು 22 ಸೆಕೆಂಡು.

ಅಪ್ಪಯ್ಯನಿಗೆ ಈಗ 86. ವರ್ಷಾಂತಿಕದ ದಿನ ಊಟ ಆದಮೇಲೆ ಎಲ್ಲರೂ ಕೂತು ಕೇಳೋದು ಅಂತ ಮಾತಾಗಿತ್ತು. ಮುಂದಿನ ಕುರ್ಚಿ ಅವರದೇ.

ಆರಿಸಿದೆ, ಡಿಲೀಟ್ ಒತ್ತಿದೆ. ಅಲೆಯ ಎರಡು ತುದಿ ಬಂದು ಕೂಡಿಕೊಂಡವು. ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದೆ, ಬೆಸುಗೆ ಗೊತ್ತೇ ಆಗಲಿಲ್ಲ. ಟೇಪಿನ ಕಾಲದಲ್ಲಿ ರೇಡಿಯೋದವರು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಿದ್ದರು. ಕತ್ತರಿಸಿದ ತುಂಡು ನೆಲದ ಮೇಲಾದರೂ ಬಿದ್ದಿರುತ್ತಿತ್ತು. ಇಲ್ಲಿ ಅದೂ ಇಲ್ಲ. ಪ್ರಾಜೆಕ್ಟ್ ತೆರೆದಿರೋ ತನಕ ಅನ್‌ಡೂ ಮಾಡಬಹುದು, ಮುಚ್ಚಿದ ಮೇಲೆ ಅದರಲ್ಲಿ ಹಿಂದೆ ಹೋಗೋ ದಾರಿ ಇಲ್ಲ.

ಮುಚ್ಚೋಕೆ ಕೈ ಬರಲಿಲ್ಲ.

ನನ್ನ ಪರವಾಗಿ ವಾದ ಬೇಕಾದಷ್ಟಿತ್ತು. 86 ವರ್ಷದ ಮನುಷ್ಯನನ್ನ ನೆಂಟರ ಮುಂದೆ ಯಾಕೆ ತಲೆ ತಗ್ಗಿಸಬೇಕು? ಆ ಕಾಲದಲ್ಲಿ ಹೆಣ್ಣುಮಕ್ಕಳನ್ನ ಯಾರು ಕೇಳ್ತಿದ್ದರು? ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಅವರಿಗೆ ಸಮಪಾಲಿನ ಕಾನೂನು ಬಂದದ್ದೇ 1994ರಲ್ಲಿ. ಸುಳ್ಳು ಸೇರಿಸಿಲ್ಲವಲ್ಲ, ಕೆಮ್ಮು ತೆಗೆದ ಹಾಗೆ ಒಂದಿಷ್ಟು ತೆಗೆದೆ ಅಷ್ಟೆ. ಆದರೆ ಕೆಮ್ಮು ಅತ್ತೆಗೆ ಬೇಡವಾದದ್ದು. ಈ ಮಾತು ಹಾಗಲ್ಲ. ಫೋನ್ ಆನ್ ಇದೆ ಅಂತ ಅವರಿಗೆ ಗೊತ್ತಿತ್ತು, ಶುರುವಿನಲ್ಲಿ "ಹತ್ತಿದ್ಯನಾ ಅದು?" ಅಂತ ಕೇಳಿದ್ದೂ ಅದರಲ್ಲೇ ಇದೆ. ಅರವತ್ತು ವರ್ಷ ಅವರು ಈ ಮಾತನ್ನ ಯಾರೆದುರೂ ಆಡಿದ್ದು ನಾನು ಕೇಳಿಲ್ಲ. ಒಬ್ಬಳನ್ನ ಒಂದು ಮಾತು ಕೇಳಲಿಲ್ಲ ಅನ್ನೋದೇ ದೂರು. ಅವಳನ್ನ ಕೇಳದೆ ಆ ದೂರನ್ನೇ ಅಳಿಸೋನು ನಾನು. ಅಪ್ಪಯ್ಯ ಮಾಡಿದ್ದನ್ನೇ ಎರಡನೇ ಸಲ ಮಾಡಿದ ಹಾಗೆ.

ಹಾಗಂತ ಇದ್ದದ್ದನ್ನ ಇದ್ದ ಹಾಗೆ ಎಲ್ಲರ ಮುಂದೆ ಹಾಕೋದು ದೊಡ್ಡ ಸತ್ಯವಂತಿಕೆ ಅಂತಲೂ ಅನ್ನಿಸಲಿಲ್ಲ. ಅತ್ತೆ ಅದನ್ನ ಹೇಳಿದ್ದು ನನ್ನೆದುರು, ಅಡುಗೆಮನೆಯಲ್ಲಿ. ಸಭೆಯಲ್ಲಲ್ಲ.

ದಾರಿ ತೋರಿಸಿದ್ದು ಒಂದು ವಿಚಿತ್ರ ಜಾಗ. ಇನ್‌ಸ್ಟಾಲ್ ಮಾಡುವಾಗ ನಾವ್ಯಾರೂ ಓದದೆ ಒತ್ತಿ ಮುಂದೆ ಹೋಗೋ ಲೈಸೆನ್ಸ್ ಪುಟ ಇದೆಯಲ್ಲ, ಅದನ್ನ ಆ ರಾತ್ರಿ ಓದಿದೆ. ಆಡಾಸಿಟಿಯದು ಜಿಪಿಎಲ್. ಸ್ವತಂತ್ರ ತಂತ್ರಾಂಶದವರ ಆ ಕರಾರಿನ ಸಾರ ಇಷ್ಟು: ಬೇಕಾದ ಹಾಗೆ ಬದಲಾಯಿಸು, ಹಂಚು, ಆದರೆ ಹಂಚುವಾಗ ಬದಲಾಯಿಸಿದ್ದೇನೆ ಅಂತ ಕಾಣೋ ಹಾಗೆ ಗುರುತು ಹಾಕು, ಮೂಲ ಸಂಕೇತ ಸಿಗೋ ಹಾಗೆ ಮಾಡು. ಪುಕ್ಕಟೆ ಅಂತ ಹಾಕ್ಕೊಂಡಿದ್ದರ ಜೊತೆ ಇಷ್ಟು ದೊಡ್ಡ ಷರತ್ತು ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಅದು ಪ್ರೋಗ್ರಾಮಿಗೆ ಬರೆದ ಕರಾರು, ಅತ್ತೆಯ ದನಿಗಲ್ಲ, ನಿಜ. ಆದರೂ.

ಅನ್‌ಡೂ ಮಾಡಿದೆ. ಆಡಾಸಿಟಿಯಲ್ಲಿ ಡಿಲೀಟ್ ಅಲ್ಲದೆ ಸೈಲೆನ್ಸ್ ಅಂತಲೂ ಒಂದಿದೆ. ಮಾತು ಹೋಗುತ್ತೆ, ಆದರೆ ಅದರ ಜಾಗ ಅಷ್ಟೇ ಉದ್ದ ಖಾಲಿ ಉಳಿಯುತ್ತೆ. ಅದನ್ನ ಮಾಡಿದೆ. ಫೋನಿನಲ್ಲಿದ್ದ ಮೂಲ ಫೈಲನ್ನ ಒಂದು ಪೆನ್‌ಡ್ರೈವಿಗೆ ಬೇರೆ ಹಾಕಿಟ್ಟೆ.

ವರ್ಷಾಂತಿಕದ ದಿನ ಆ ಜಾಗ ಬಂದಾಗ ಫ್ಯಾನಿನ ಸದ್ದೂ ಇಲ್ಲದೆ ಕೋಣೆ ತಣ್ಣಗಾಯ್ತು. ಯಾರೋ "ಕರೆಂಟ್ ಹೋಯ್ತಾ?" ಅಂದರು. ಹಾಡು ಮತ್ತೆ ಬಂತು.

ರಾತ್ರಿ ಎಲ್ಲ ಹೋದಮೇಲೆ ಅಪ್ಪಯ್ಯ ಕರೆದರು. "ಅಲ್ಲಿ ಏನಿತ್ತು?"

"ಅತ್ತೆ ಒಂದು ಮಾತು ಹೇಳಿದ್ರು. ನಾನು ತೆಗ್ದೆ."

"ದುಡ್ಡಿನ ವಿಷ್ಯನಾ?"

ಹೌದು ಅಂದೆ. ಅಡಿಕೆ ಕತ್ತರಿಸೋದನ್ನ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇಟ್ಟಿದ್ಯನಾ?" ಅಂದರು.

"ಇಟ್ಟಿದ್ದೀನಿ."

"ಯಾರೂ ಇಲ್ದಾಗ ಒಂದಿನ ಹಾಕು."

ಅದಾಗಿ ನಾಲ್ಕು ತಿಂಗಳು. ಅವರು ಕೇಳಿಲ್ಲ, ನಾನಾಗಿ ಹಾಕೋಕೆ ಹೋಗಿಲ್ಲ. ಪೆನ್‌ಡ್ರೈವ್ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿದೆ, ಮೇಲೊಂದು ಚೀಟಿ ಅಂಟಿಸಿ "ಅತ್ತೆ, ಪೂರ್ತಿ" ಅಂತ ಬರೆದಿದ್ದೇನೆ. ಡಬ್ಬಿ ಎಲ್ಲಿದೆ ಅಂತ ಅವರಿಗೆ ಹೇಳಿದ್ದೇನೆ.