ಸ್ಟ್ರೆಪ್ಟೊಮೈಸಿನ್ ಮತ್ತು ಲಕೋಟೆಯ ನ್ಯಾಯ

ಅಮಿನೊಗ್ಲೈಕೊಸೈಡ್ ಗುಂಪಿನ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿದ್ದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಅದನ್ನು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬೇರ್ಪಡಿಸಿದರು. ಬ್ಯಾಕ್ಟೀರಿಯಾದ ರೈಬೋಸೋಮಿನ 30ಎಸ್ ಉಪಘಟಕಕ್ಕೆ ಅದು ಅಂಟಿಕೊಂಡರೆ ಪ್ರೋಟೀನು ಕಟ್ಟುವ ಸಂದೇಶದ ಓದು ತಪ್ಪುತ್ತದೆ. ಕೆಟ್ಟ ಪ್ರೋಟೀನುಗಳು ತುಂಬಿ ಕೋಶ ಸಾಯುತ್ತದೆ. ಕರುಳು ಅದನ್ನು ಹೀರಿಕೊಳ್ಳದ ಕಾರಣ ಚುಚ್ಚಿಯೇ ಕೊಡಬೇಕು. ಒಳಕಿವಿಗೆ ಪೆಟ್ಟು ಕೊಟ್ಟು ದೇಹದ ಸಮತೋಲನವನ್ನೂ ಕೆಲವೊಮ್ಮೆ ಶ್ರವಣವನ್ನೂ ಕೆಡಿಸುವುದು ಅದರ ದೊಡ್ಡ ದೋಷ.

ಕ್ಷಯವನ್ನು ಮಣಿಸಬಲ್ಲ ಇಂಥ ಔಷಧವನ್ನು ಅರ್ಧ ರೋಗಿಗಳಿಗೆ ಕೊಡದಿರುವುದು ಧರ್ಮವೇ? 1947ರ ಬ್ರಿಟನ್ನಿನಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು. ಯುದ್ಧದಿಂದ ಬಳಲಿದ ದೇಶದಲ್ಲಿ, ಅಮೆರಿಕದಿಂದ ಔಷಧ ಕೊಳ್ಳಲು ಡಾಲರ್ ಕೊರತೆ. ಸಿಕ್ಕ ಔಷಧ ಎಲ್ಲರಿಗೂ ಸಾಲದು. ಕೊಡದಿದ್ದರೆ ಸಾವು ಖಚಿತವಾಗಿದ್ದ ಮೆದುಳುಪೊರೆಯ ಕ್ಷಯಕ್ಕೆ ಮೊದಲ ಪಾಲು ಎತ್ತಿಡಲಾಯಿತು. ಶ್ವಾಸಕೋಶದ ಕ್ಷಯವಿದ್ದ 107 ಯುವ ರೋಗಿಗಳನ್ನು ಮಾತ್ರ, ಒಂದು ಪ್ರಯೋಗಕ್ಕಾಗಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರೂಪಿಸಿದ, ಅದೃಷ್ಟದ ಚೀಟಿಗಳಿದ್ದ ಮುಚ್ಚಿದ ಲಕೋಟೆಗಳು ಎರಡು ಗುಂಪು ಮಾಡಿದವು: 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ.

ಹಂಚಿಕೆಯ ದೃಷ್ಟಿಯಿಂದ ಇದು ನ್ಯಾಯವೇ. ಸಾಲದ ವಸ್ತುವನ್ನು ಹಣ, ವಶೀಲಿ, ವೈದ್ಯರ ಒಲವು ಹಂಚುವುದಕ್ಕಿಂತ ಅದೃಷ್ಟ ಹಂಚುವುದು ಮೇಲು. ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಅಜ್ಞಾನದ್ದು: ಔಷಧದ ಗುಣ, ದೋಷಗಳಲ್ಲಿ ಯಾವುದು ಹೆಚ್ಚು ತೂಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ 4 ಜನ, ಪಡೆಯದವರಲ್ಲಿ 14 ಜನ ತೀರಿಕೊಂಡರು. ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಚಿಕಿತ್ಸೆ ನಡೆದಿರುವಾಗಲೇ ಅನೇಕರ ದೇಹದಲ್ಲಿ ಔಷಧಕ್ಕೆ ಜಗ್ಗದ ರೋಗಾಣುಗಳು ಬೆಳೆದವು. ಐದು ವರ್ಷಗಳಲ್ಲಿ ಎರಡೂ ಗುಂಪುಗಳ ಅಂತರ ಬಹಳ ಕಿರಿದಾಯಿತು. ಹೋಲಿಕೆಗೊಂದು ಗುಂಪು ಇಲ್ಲದಿದ್ದರೆ ಮೊದಲ ತಿಂಗಳುಗಳ ಚೇತರಿಕೆಯನ್ನೇ ಗೆಲುವೆಂದು ನಂಬಿಬಿಡುವ ಅಪಾಯವಿತ್ತು. ಪಿಎಎಸ್ ಎಂಬ ಇನ್ನೊಂದು ಔಷಧ ಜೊತೆಗೂಡಿದ ಮೇಲೆಯೇ ಆ ಪ್ರತಿರೋಧ ಹಿಡಿತಕ್ಕೆ ಬಂದಿತು.

ಆದರೆ ಬರೀ ವಿಶ್ರಾಂತಿಯ ಪಾಲಿಗೆ ಬಂದವರಿಗೆ ತಾವು ಪ್ರಯೋಗದಲ್ಲಿರುವುದನ್ನೇ ತಿಳಿಸಿರಲಿಲ್ಲ. ಕೊರತೆಯಾಗಲಿ ಅಜ್ಞಾನವಾಗಲಿ ಈ ಮೌನವನ್ನು ಸಮರ್ಥಿಸದು. ಔಷಧ ಸಾಲದೆಂಬುದು ವೈದ್ಯರ ಕೈಮೀರಿದ ಸಂಗತಿ. ಹೇಳದಿರುವುದು ಅವರೇ ಮಾಡಿದ ಆಯ್ಕೆ. ಒಪ್ಪುವ, ನಿರಾಕರಿಸುವ ಹಕ್ಕು ರೋಗಿಯದು, ಲಕೋಟೆಯಲ್ಲಿ ಯಾವ ಚೀಟಿ ಬಂದರೂ.