ಬೀಗದ ಕೈ ಕೊಡುವ ಮುನ್ನ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬರು ಬಂದು ಕೇಳಿದರು: "ಫಾದರ್, ಮಗಳಿಗೆ ಒಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ ನಾನು ಬರುವ ತನಕ ಮೂರು ಗಂಟೆ ಒಬ್ಬಳೇ ಇರುತ್ತಾಳೆ. ಇದು ಪಾಪವೇ?" ಬಾಡಿಗೆ ಕಟ್ಟಲೇಬೇಕಾದವರಿಗೆ ಪಾಪವೆನ್ನಲು ನನಗೆ ಬಾಯಿ ಬರಲಿಲ್ಲ. ಪರವಾಗಿಲ್ಲ ಎಂದು ಕಳುಹಿಸಲೂ ಮನಸ್ಸಾಗಲಿಲ್ಲ.

ಯಾವ ವಯಸ್ಸೆಂದು ಹೇಳಿಬಿಡಿ ಎನ್ನುತ್ತೀರಿ. ಏಳು ವರ್ಷ ತುಂಬಿದ ಮಗುವಿಗೆ ವಿವೇಚನೆ ಬಂದಿದೆಯೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆ ಭಾವಿಸುತ್ತದೆ. ಆದರೆ ಒಳಿತು ಕೆಡುಕು ತಿಳಿಯುವುದು ಬೇರೆ, ಗ್ಯಾಸ್ ವಾಸನೆ ಬಂದಾಗ ಸ್ವಿಚ್ ಮುಟ್ಟದೆ ಹೊರಗೆ ಬರುವುದು ಬೇರೆ. ವಿವೇಕಿಗೆ ಸಾಮಾನ್ಯ ನಿಯಮ ತಿಳಿದರೆ ಸಾಲದು, ಎದುರಿಗಿರುವ ಸಂಗತಿಯೂ ತಿಳಿದಿರಬೇಕು ಎಂದು ಸಂತ ತೋಮಸ್ ಅಕ್ವಿನಾಸರು ಹೇಳುತ್ತಾರೆ. ಇಲ್ಲಿ ಎದುರಿಗಿರುವುದು ನಿಮ್ಮ ಮಗು, ನಿಮ್ಮ ಓಣಿ, ನಿಮ್ಮ ಬಾಗಿಲ ಚಿಲಕ.

"ತುಂಬಾ ಜಾಣೆ ಫಾದರ್, ಇದುವರೆಗೆ ಏನೂ ಆಗಿಲ್ಲ" ಎಂದರು ತಾಯಿ. ಪಕ್ಕದಲ್ಲಿದ್ದ ಹುಡುಗಿಯನ್ನು, "ಏನಾದರೂ ಆದರೆ ಅಮ್ಮನಿಗೆ ಹೇಳ್ತೀಯಾ?" ಎಂದು ಕೇಳಿದೆ. ಅವಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಹಾಲು ಕಾಯಿಸಲು ಹೋಗಿ ಬೆರಳು ಸುಟ್ಟುಕೊಂಡು, ಆಟದಲ್ಲಿ ತರಚಿತು ಎಂದಿದ್ದಳಂತೆ. ಒಲೆ ಮುಟ್ಟಿದ್ದಕ್ಕೆ ಪೆಟ್ಟು ಬೀಳುತ್ತದೆಂಬ ಭಯ.

ನಾನು ಮೊದಲು ನೋಡುವುದು ಇದನ್ನೇ: ತಪ್ಪಾದಾಗ ಮಗು ನಿಮ್ಮ ಬಳಿ ಬಂದು ಹೇಳುತ್ತದೆಯೇ? ಹೇಳಲು ಹೆದರುವ ಮಗುವಿಗೆ ಹದಿಮೂರಾದರೂ ಬೀಗದ ಕೈ ಕೊಡಲು ನಾನು ಹಿಂಜರಿಯುತ್ತೇನೆ. ಆ ಹೆದರಿಕೆ ಬಂದಿರುವುದು ನಮ್ಮ ಬೆತ್ತದಿಂದ, ನಮ್ಮ ನಾಲಿಗೆಯಿಂದ. (ಧರ್ಮೋಪದೇಶದ ತರಗತಿಯಲ್ಲಿ ನಾನೂ ಗದರಿದವನೇ.)

ಹನ್ನೆರಡರ ಬಾಲಯೇಸು ಜೆರುಸಲೇಮಿನಲ್ಲೇ ಉಳಿದಾಗ, ನೆಂಟರ ಜೊತೆಗಿರಬೇಕೆಂದು ಮರಿಯ ಜೋಸೆಫರು ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ಅವರ ಅಂದಾಜೂ ತಪ್ಪಿತು! ಮಗ ಸಿಕ್ಕಾಗ ತಾಯಿ ಏಕೆ ಹೀಗೆ ಮಾಡಿದೆಯೆಂದು ಕೇಳಿದಳು, ತಮ್ಮ ಸಂಕಟವನ್ನು ಹೇಳಿಕೊಂಡಳು. ಉತ್ತರ ಅರ್ಥವಾಗದಿದ್ದರೂ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡಳು ಎನ್ನುತ್ತಾರೆ ಸಂತ ಲೂಕರು.

ಮೊದಲು ಅರ್ಧ ಗಂಟೆ ಬಿಟ್ಟು ನೋಡಿ. ರೆಗ್ಯುಲೇಟರ್ ಬಂದ್ ಮಾಡಿ, ನೆರೆಯವರಿಗೆ ತಿಳಿಸಿ, 112 ಮತ್ತು ಮಕ್ಕಳ ಸಹಾಯವಾಣಿ 1098 ಬಾಯಿಪಾಠವಾಗಲಿ. ತಮ್ಮನನ್ನೂ ನೋಡಿಕೋ ಎಂದು ಮಾತ್ರ ಹೇರಬೇಡಿ. ನಮ್ಮಲ್ಲಿ ಹಿರಿಮಗಳನ್ನು ಬಲುಬೇಗ ತಾಯಿ ಮಾಡಿಬಿಡುತ್ತೇವೆ.

ಆ ಹುಡುಗಿ ಈಗ ಸಂಜೆಯವರೆಗೆ ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರ ಮನೆಯಲ್ಲಿ ಹೋಂವರ್ಕ್ ಮಾಡುತ್ತಾಳೆ. ಶನಿವಾರ ಅರ್ಧ ಗಂಟೆ ಒಬ್ಬಳೇ ಇರುವ ಅಭ್ಯಾಸ ನಡೆದಿದೆ. ಮೊನ್ನೆ ಲೋಟವೊಂದು ಒಡೆಯಿತಂತೆ. ಅಮ್ಮ ಬಾಗಿಲು ದಾಟುವ ಮೊದಲೇ ಹೇಳಿದಳಂತೆ.