ಯಾರ ಬಳಿ ಕ್ಷಮೆ ಕೇಳುವುದು?

ಒಬ್ಬನು ತಿಕೋಟಾದ ರೈತನ ಶೆಡ್ಡಿನಿಂದ ಒಂದು ಚೀಲ ಒಣದ್ರಾಕ್ಷಿ ಕದ್ದನೆಂದು ಇಟ್ಟುಕೊಳ್ಳಿ. ಹತ್ತು ವರ್ಷಗಳ ಬಳಿಕ ಅವನ ಮನಸ್ಸು ಕುಟುಕತೊಡಗುತ್ತದೆ. ಅವನ ಮುಂದಿರುವ ದಾರಿ ಕಷ್ಟದ್ದು, ಆದರೆ ಸ್ಪಷ್ಟವಾದುದು. ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಬೇಕು, ಆ ರೈತನ ಬಾಗಿಲು ತಟ್ಟಬೇಕು, ತಲೆ ತಗ್ಗಿಸಿ ವಿಷಯ ತಿಳಿಸಬೇಕು, ಚೀಲದ ಬೆಲೆ ತೆತ್ತು ಕ್ಷಮೆ ಯಾಚಿಸಬೇಕು. ರೈತ ಬೈಯಬಹುದು, ಅಪ್ಪಿಕೊಳ್ಳಲೂಬಹುದು. ಅವನು ತೀರಿಹೋಗಿದ್ದರೆ ಮಕ್ಕಳಿದ್ದಾರೆ. ಅಂತೂ ಆ ಪಾಪಕ್ಕೆ ಒಂದು ವಿಳಾಸವಿದೆ.

ಅದೇ ಮನುಷ್ಯ ವಿಜಯಪುರ ನಗರದ ತನ್ನ ಓಣಿಯಲ್ಲಿ, ನಳ ಬರುವ ದಿನ, ನಳದ ಪೈಪಿಗೇ ಮೋಟಾರು ಜೋಡಿಸಿ ನೀರು ಎಳೆದನೆಂದು ಇಟ್ಟುಕೊಳ್ಳಿ. ಅವನ ಟಾಕಿ ಬೇಗನೆ ತುಂಬಿತು. ಓಣಿಯ ಕೊನೆಯ ಮನೆಯಲ್ಲಿ ನಳವು ಒಂದಿಷ್ಟು ಗಾಳಿ ಉಗುಳಿ ಸುಮ್ಮನಾಯಿತು. ಆ ಮನೆಯಲ್ಲಿರುವವರು ಯಾರೆಂದು ಅವನಿಗೆ ತಿಳಿಯದು. ಬಾಡಿಗೆಯವರು, ಆಗಾಗ ಬದಲಾಗುತ್ತಿರುತ್ತಾರೆ. ಹತ್ತು ವರ್ಷಗಳ ಬಳಿಕ ಅವನ ಮನಸ್ಸು ಕುಟುಕಿದರೆ ಅವನು ಯಾವ ಬಾಗಿಲು ತಟ್ಟಬೇಕು?

ಪ್ರಿಯ ಓದುಗರೇ, ಮೊದಲನೆಯವನನ್ನು ನಾವು ಕಳ್ಳನೆನ್ನುತ್ತೇವೆ. ಎರಡನೆಯವನಿಗೆ ನಾವು ಯಾವ ಹೆಸರನ್ನೂ ಇಟ್ಟಿಲ್ಲ. ಅವನು ಮಸೀದಿಯಲ್ಲಿ ಮುಂದಿನ ಸಾಲಿನಲ್ಲಿರುತ್ತಾನೆ, ಅದೇ ನೀರಿನಿಂದ ವುಝೂ ಮಾಡಿಯೇ ಬಂದಿರುತ್ತಾನೆ. ಆದರೆ ಪರಲೋಕದ ವಿಚಾರಣೆಯ ದೃಷ್ಟಿಯಿಂದ ನೋಡಿದರೆ ಇಬ್ಬರಲ್ಲಿ ಹೆಚ್ಚು ಇಕ್ಕಟ್ಟಿನಲ್ಲಿರುವವನು ಯಾರು? ಅಲ್ಲಾಹನು ತನ್ನ ಹಕ್ಕಿಗೆ ಸಂಬಂಧಿಸಿದ ಲೋಪಗಳನ್ನು ಕ್ಷಮಿಸಬಹುದು. ದಾಸರ ಹಕ್ಕಿನ ವಿಷಯದಲ್ಲಿ ಆ ದಾಸನೇ ಕ್ಷಮಿಸಬೇಕೆಂದು ನಾವು ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಹಕ್ಕುದಾರನು ಒಬ್ಬನಲ್ಲ, ಇಡೀ ಊರು ಎಂದಾದಾಗ ಕ್ಷಮೆಯ ಬಾಗಿಲು ಹುಡುಕುವುದೇ ಕಠಿಣವಾಗುತ್ತದೆ.

ಈ ಮಾತು ಪ್ರತಿ ವರ್ಷ ಪಾಲಿಕೆಯ ಬಜೆಟ್ಟಿನ ಕಾಲಕ್ಕೆ ನೆನಪಾಗಬೇಕು. ಎಪ್ರಿಲ್ 1ರಂದು ಆರಂಭವಾಗುವ ವರ್ಷಕ್ಕೆ ಅದಕ್ಕಿಂತ ಮೊದಲೇ ಆಯವ್ಯಯ ಸಿದ್ಧವಾಗಬೇಕು. ಯಾವ ರಸ್ತೆಗೆ ಎಷ್ಟು, ಯಾವ ಗಟಾರಕ್ಕೆ ಎಷ್ಟು, ಯಾವ ಬಡಾವಣೆಯ ದುರಸ್ತಿ ಮೊದಲು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ವಿಜಯಪುರವು ಮಹಾನಗರ ಪಾಲಿಕೆಯಾದ ಮೇಲೆ ಅದರ 35 ವಾರ್ಡುಗಳಿಗೆ ಮೊದಲ ಚುನಾವಣೆ ನಡೆದದ್ದು 2022ರ ಅಕ್ಟೋಬರಿನಲ್ಲಿ. ಮೇಯರ್ ಆಯ್ಕೆಗೆ 2024ರ ಜನವರಿಯವರೆಗೆ ಕಾಯಬೇಕಾಯಿತು. ಅಷ್ಟು ಕಾದು ಪಡೆದ ಸಭೆಯ ಮುಂದೆ ನಾವು ಏನನ್ನು ಕೇಳುತ್ತೇವೆ? ನಮ್ಮ ಓಣಿಗೆ ಕಾಂಕ್ರೀಟು, ನಮ್ಮ ಮನೆಯೆದುರಿಗೆ ಬೀದಿದೀಪ, ನಮ್ಮ ಮೊಹಲ್ಲಾದ ಮೂಲೆಗೆ ಕಮಾನು. ಕೇಳುವುದು ತಪ್ಪಲ್ಲ, ಅಗತ್ಯವಿದ್ದವನು ಕೇಳಲೇಬೇಕು. ಆದರೆ ಕೇಳುವ ಹೊತ್ತಿಗೆ ಆ ಹಣ ಇನ್ನೂ ಹಂಚಿಕೆಯಾಗಿಲ್ಲ ಎಂಬುದನ್ನು ಮರೆಯುತ್ತೇವೆ. ಹಂಚಿಕೆಯಾಗದ ಹಣದಲ್ಲಿ ಎಲ್ಲರ ಪಾಲೂ ಬೆರೆತಿರುತ್ತದೆ.

ಹಂಚಿಕೆಗೆ ಮುನ್ನ ತೆಗೆದುಕೊಂಡದ್ದರ ಬಗ್ಗೆ ಹದೀಸ್ ಗ್ರಂಥಗಳಲ್ಲಿ ಮೈ ನಡುಗಿಸುವ ಒಂದು ಘಟನೆಯಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಖೈಬರ್ ಯುದ್ಧ ಮುಗಿಸಿ ಬರುತ್ತಿದ್ದಾಗ ವಾದಿಲ್ ಕುರಾ ಎಂಬಲ್ಲಿ ಪ್ರವಾದಿವರ್ಯರ(ಸ) ಸೇವಕನೊಬ್ಬನು ಅವರ ಒಂಟೆಯ ಜೀನು ಇಳಿಸುತ್ತಿದ್ದ. ಎಲ್ಲಿಂದಲೋ ಬಂದ ಬಾಣ ತಗಲಿ ಅಲ್ಲೇ ಪ್ರಾಣ ಬಿಟ್ಟ. ಅವನಿಗೆ ಸ್ವರ್ಗ ಸಿಕ್ಕಿತೆಂದು ಜನರು ಸಂತೋಷಪಟ್ಟರು. ಪ್ರವಾದಿವರ್ಯರು(ಸ) ಅದನ್ನು ಒಪ್ಪಲಿಲ್ಲ. ಖೈಬರಿನ ಸಮರ ಸೊತ್ತು ಹಂಚಿಕೆಯಾಗುವ ಮೊದಲೇ ಅವನು ಎತ್ತಿಕೊಂಡಿದ್ದ ಕಂಬಳಿ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು. ಆಲೋಚಿಸಿ: ಪ್ರವಾದಿಯ ಸೇವಕ, ಪ್ರವಾದಿಯ ಸೇವೆಯಲ್ಲಿರುವಾಗಲೇ ಮರಣ. ಆದರೂ ಒಂದು ಕಂಬಳಿ ಅಡ್ಡ ಬಂತು. ಇದನ್ನು ಕೇಳಿದ ಇನ್ನೊಬ್ಬನು ಎದ್ದು ಹೋಗಿ, ತಾನು ತೆಗೆದಿಟ್ಟುಕೊಂಡಿದ್ದ ಒಂದೆರಡು ಚಪ್ಪಲಿಯ ಬಾರುಗಳನ್ನು ತಂದು ಮುಂದಿಟ್ಟ. ಅದೂ ಬೆಂಕಿಯ ಬಾರೇ ಎಂದು ಅವರು ಎಚ್ಚರಿಸಿದರು.

ಲಕ್ಷಗಟ್ಟಲೆ ನುಂಗುವವರನ್ನು ಬಿಟ್ಟು ನನ್ನ ಒಂದು ಮೋಟಾರನ್ನು ಯಾಕೆ ಹಿಡಿಯುತ್ತೀರಿ ಎಂದು ಕೇಳುವವರಿಗೆ ಆ ಬಾರುಗಳನ್ನು ನೆನಪಿಸಬೇಕು. ಅಂದು ಬಾರು ತಂದವನು ಕಂಬಳಿಯವನ ಕಡೆ ಬೆರಳು ತೋರಿಸಲಿಲ್ಲ.

ಇನ್ನೊಂದು ವಾದ ಹೆಚ್ಚು ಸೂಕ್ಷ್ಮವಾದುದು. ವಿದ್ಯಾವಂತರ ಬಾಯಲ್ಲೂ ಕೇಳಿಬರುತ್ತದೆ. ಇದೇನು ಬೈತುಲ್‌ಮಾಲ್ ಅಲ್ಲವಲ್ಲ, ಸರಕಾರದ ಹಣ. ಅದೂ ನಮ್ಮ ಮೊಹಲ್ಲಾಗಳಿಗೆ ಎಂದೂ ನ್ಯಾಯ ಕೊಡದ ಸರಕಾರದ ಹಣ ಎನ್ನುತ್ತಾರೆ. ಈ ದೂರಿನಲ್ಲಿ ಸತ್ಯಾಂಶವಿದ್ದರೆ ಅದನ್ನು ಸಭೆಯಲ್ಲಿ ಎತ್ತಿ ಹೇಳಬೇಕು, ಲೆಕ್ಕ ಕೇಳಬೇಕು. ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಹಿಜ್‌ರತ್‌ನ ರಾತ್ರಿಯನ್ನು ನೆನೆಯಿರಿ. ಮಕ್ಕಾದವರು ಪ್ರವಾದಿವರ್ಯರನ್ನು(ಸ) ಕೊಲ್ಲಲು ಸಂಚು ಹೂಡಿದ್ದರು. ಅದೇ ಊರಿನ ಜನರ ಅಮಾನತುಗಳು ಅವರ ಮನೆಯಲ್ಲಿದ್ದವು. ಅವನ್ನೆಲ್ಲ ಒಡೆಯರಿಗೆ ಮರಳಿಸಿ ಬರಲೆಂದೇ ಅವರು ಹ. ಅಲಿಯವರನ್ನು(ರ) ಹಿಂದೆ ಬಿಟ್ಟು ಹೋದರು. ನಮ್ಮ ನಳದ ಪೈಪಿನಲ್ಲಿ ಹರಿಯುವುದು ಶತ್ರುವಿನ ಸೊತ್ತೂ ಅಲ್ಲ. ಓಣಿಯ ಕೊನೆಯ ಮನೆಯ ಲಿಂಗಾಯತ ಶಿಕ್ಷಕನದು, ದಲಿತ ಪೌರಕಾರ್ಮಿಕಳದು, ನಮ್ಮದೇ ಜಮಾಅತಿನ ಬೀಡಿ ಕಟ್ಟುವ ವಿಧವೆಯದು.

ನೀರಿನ ವ್ಯಾಜ್ಯವೊಂದು ಸ್ವತಃ ಪ್ರವಾದಿವರ್ಯರ(ಸ) ಬಳಿಗೂ ಬಂದಿತ್ತು. ಮದೀನಾದ ಹರ್ರಾ ಎಂಬಲ್ಲಿನ ಕಾಲುವೆಯಿಂದ ಹ. ಝುಬೈರ್(ರ) ಮತ್ತು ಅನ್ಸಾರಿ ಒಬ್ಬರು ತಮ್ಮ ಖರ್ಜೂರದ ತೋಟಗಳಿಗೆ ನೀರು ಹಾಯಿಸುತ್ತಿದ್ದರು. ಝುಬೈರ್‌ರ ತೋಟ ಮೇಲ್ಭಾಗದಲ್ಲಿತ್ತು. ನಿನ್ನ ತೋಟಕ್ಕೆ ನೀರುಣಿಸಿ ಬಳಿಕ ನೆರೆಯವನಿಗೆ ಬಿಡು ಎಂದು ಪ್ರವಾದಿವರ್ಯರು(ಸ) ಝುಬೈರ್‌ಗೆ ಸೂಚಿಸಿದರು. ಅನ್ಸಾರಿಗೆ ಸಿಟ್ಟು ಬಂತು. ಅವರು ನಿಮ್ಮ ಸೋದರತ್ತೆಯ ಮಗನೆಂದು ಹೀಗೆ ಹೇಳಿದಿರಿ ಎಂದುಬಿಟ್ಟರು. ಆಗ ಪ್ರವಾದಿವರ್ಯರ(ಸ) ಮುಖದ ಬಣ್ಣವೇ ಬದಲಾಯಿತು. ನೀರು ತೋಟದ ಬದುವಿನ ಮಟ್ಟಕ್ಕೆ ಏರುವವರೆಗೂ ತಡೆದುಕೋ ಎಂದು ಝುಬೈರ್‌ಗೆ ಅವರ ಪೂರ್ಣ ಹಕ್ಕನ್ನು ಕೊಟ್ಟರು. ಮೊದಲ ಸೂಚನೆಯಲ್ಲಿ ಕೆಳಗಿನವನಿಗೆ ಔದಾರ್ಯವಿತ್ತು. ಅವನೇ ಅದನ್ನು ಪಕ್ಷಪಾತವೆಂದು ತಿಳಿದು ಕಳೆದುಕೊಂಡ. ಗಮನಿಸಿ, ಮೇಲಿನವನ ಪೂರ್ಣ ಹಕ್ಕಿಗೂ ಒಂದು ಮಿತಿಯಿತ್ತು. ಬದು ಮುಟ್ಟಿದ ಮೇಲೆ ನೀರು ಕೆಳಗಿನವನದೇ.

ತಿಕೋಟಾ, ಬಬಲೇಶ್ವರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರು ನೀವು. ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ನಿಮ್ಮ ಕಡೆಗೂ ಹತ್ತಿ ಬಂದಿದೆ. ಕಾಲುವೆಯ ತುದಿಯಲ್ಲಿ ಹೊಲವಿರುವವನ ಸಂಕಟ ಏನೆಂಬುದು ನಿಮಗೆ ಗೊತ್ತು. ಮಗಳನ್ನು ನಗರಕ್ಕೆ ಕೊಟ್ಟು ಅವಳ ಮನೆಗೆ ಹೋದಾಗ ಅಳಿಯನ ಮೋಟಾರಿನ ಸದ್ದು ಕೇಳಿದರೆ ಸುಮ್ಮನಿರಬೇಡಿ.

ನಮ್ಮ ಊರಿನ ಹಿರಿಯರು ಈ ಸಂಗತಿಯನ್ನು ಕಲ್ಲು-ಗಾರೆಯಲ್ಲೇ ಬಗೆಹರಿಸಿದ್ದರು. ತೊರವಿಯ ಕಡೆಯಿಂದ ಮತ್ತು ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ನೆಲದೊಳಗಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ಎತ್ತರದ ನೀರಿನ ಗೋಪುರಗಳಿದ್ದವು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ನೀರು ಒಂದೊಂದು ಗಂಜ್‌ನಲ್ಲಿ ಮೇಲೇರಿ, ಒತ್ತಡ ತಗ್ಗಿಸಿಕೊಂಡು, ಕೆಸರು ಕೆಳಗಿಳಿಸಿ ಮುಂದೆ ಸಾಗುತ್ತಿತ್ತು. ಒಂದೇ ಕಡೆ ರಭಸ ಹೆಚ್ಚಿ ಕೊಳವೆ ಒಡೆಯದಂತೆ, ಬೇರೆ ಬೇರೆ ಕಡೆಗೆ ನೀರು ಹಂಚಿಹೋಗುವಂತೆ ಮಾಡಿದ ಏರ್ಪಾಡು ಅದು. ಆದಿಲ್‌ಶಾಹಿಯ ಹೆಸರು ಹೇಳಿ ಎದೆ ಉಬ್ಬಿಸುವ ನಾವೇ ಗಂಜ್‌ನ ಬುಡಕ್ಕೆ ಕಸ ಸುರಿಯುತ್ತೇವೆ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿಯ ಹೂಳನ್ನು ಕೆಲವು ವರ್ಷಗಳ ಹಿಂದೆ ತೆಗೆಯಬೇಕಾಗಿ ಬಂದಾಗ ಅದರಿಂದ ಬಂದದ್ದು ಬರೀ ಮಣ್ಣಲ್ಲ. ಅದು ಬೇರೆಯೇ ಕತೆ.

ಬಡಾವಣೆ ಸುಧಾರಣೆಯ ಮಾತು ಬಂದಾಗ ಗಟಾರವನ್ನೂ ನೋಡಬೇಕು. ಗಟಾರದ ಮೇಲೆ ಚಪ್ಪಡಿ ಹಾಸಿ ಕಟ್ಟೆ ಕಟ್ಟುವುದು, ಮೆಟ್ಟಿಲನ್ನು ರಸ್ತೆಗೆ ಚಾಚುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದಿಲ್ಲದ ಮನೆ ಅಪೂರ್ಣವಾಗಿ ಕಾಣುತ್ತದೆ. ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ನೆಲ ಏಳು ಭೂಮಿಗಳ ಭಾರವಾಗಿ ಕೊರಳಿಗೆ ಬೀಳುವುದೆಂಬ ಹದೀಸನ್ನು ನಾವು ಹೊಲದ ಬದುವಿಗಷ್ಟೇ ಅನ್ವಯಿಸಿಕೊಂಡಿದ್ದೇವೆ. ಮಳೆಗಾಲದಲ್ಲಿ ಆ ಕಟ್ಟೆಯಿಂದಾಗಿ ತಗ್ಗಿನ ಮನೆಯೊಳಗೆ ನುಗ್ಗುವ ಕೊಳಚೆಗೂ ಒಬ್ಬ ಹೊಣೆಗಾರನಿದ್ದಾನೆ.

ಇನ್ನೊಂದು ಸಂಗತಿಯಿದೆ. ಅದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಸ್ಥಳೀಯ ಸಂಸ್ಥೆಗಳ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟರಿಗೆ, ಶೇ. 7.25ನ್ನು ಇತರ ಬಡವರಿಗೆ, ಶೇ. 5ನ್ನು ವಿಕಲಚೇತನರಿಗೆ ತೆಗೆದಿರಿಸುವ ಕ್ರಮವಿದೆ. ನಮ್ಮ ಸಮುದಾಯದ ಬಡವರಿಗೆ ಸಹಾಯ ಸಿಗಬೇಕಾದುದು ಬಹುತೇಕ ಆ ಶೇ. 7.25ರಿಂದಲೇ. ಅಂಗಡಿ, ಎರಡಂತಸ್ತಿನ ಮನೆ ಇದ್ದವನು ಸುಳ್ಳು ಆದಾಯ ಪತ್ರ ಮಾಡಿಸಿ ಅದರಲ್ಲಿ ಒಂದು ಹೊಲಿಗೆ ಯಂತ್ರವನ್ನೋ ಮಗನಿಗೆ ಒಂದು ಸಹಾಯಧನವನ್ನೋ ಪಡೆದರೆ ಅವನು ಸರಕಾರವನ್ನು ಮೋಸಗೊಳಿಸಲಿಲ್ಲ. ಪಟ್ಟಿಯಲ್ಲಿ ಅವನ ನಂತರ ಇದ್ದ ಹೆಸರನ್ನು ಅಳಿಸಿದ. ಆ ಹೆಸರು ಯಾರದೆಂದು ಅವನಿಗೆ ಎಂದೂ ತಿಳಿಯುವುದಿಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಹಕ್ಕುದಾರರನ್ನು ಹುಡುಕಲಾಗದಾಗ ತೌಬಾ ಮಾಡಿ, ತೆಗೆದುಕೊಂಡದ್ದನ್ನು ಸಾರ್ವಜನಿಕ ಹಿತಕ್ಕೇ ಮರಳಿಸಬೇಕೆಂದು ವಿದ್ವಾಂಸರು ಹೇಳಿದ್ದಾರೆ. ಅದೃಷ್ಟವಶಾತ್ ನಮ್ಮ ವಿಷಯದಲ್ಲಿ ಮರಳಿಸುವ ದಾರಿಗಳು ತೆರೆದೇ ಇವೆ. ಅಕ್ರಮ ನಳ ಸಂಪರ್ಕಕ್ಕೆ ಅರ್ಜಿ ಕೊಟ್ಟು ಸಕ್ರಮ ಮಾಡಿಸಬಹುದು. ಬಾಕಿ ಉಳಿದ ಆಸ್ತಿ ತೆರಿಗೆಯನ್ನು, ಮನೆಯ ನಿಜವಾದ ಅಳತೆ ತೋರಿಸಿ ತುಂಬಬಹುದು. ಎಪ್ರಿಲ್ ತಿಂಗಳಲ್ಲಿ ಆ ವರ್ಷದ ತೆರಿಗೆ ಕಟ್ಟಿದವರಿಗೆ ಶೇ. 5ರ ರಿಯಾಯಿತಿಯೂ ಇದೆ. ಗಟಾರದ ಮೇಲಿನ ಚಪ್ಪಡಿ ತೆಗೆಯಲು ಇಬ್ಬರು ಗೌಂಡಿಗಳಿಗೆ ಒಂದು ದಿನದ ಕೆಲಸ. ಬಜೆಟ್ಟಿನ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆದಾಗ ನೀವೂ ಹೋಗಿ. ಹೋಗುವ ಮುನ್ನ ಒಮ್ಮೆ ನಳ ಬಂದ ದಿನ ಓಣಿಯ ತುದಿಯವರೆಗೆ ನಡೆದು, ಕೊನೆಯ ಮನೆಯ ಬಾಗಿಲು ತಟ್ಟಿ, ಇವತ್ತು ನಿಮಗೆ ಎಷ್ಟು ಕೊಡ ಬಂತು ಎಂದು ಕೇಳಿ ಬರೆದುಕೊಳ್ಳಿ. ಸಭೆಯಲ್ಲಿ ಮೊದಲು ಓದಬೇಕಾದದ್ದು ಆ ಚೀಟಿಯನ್ನು. ನಿಮ್ಮ ಮನೆಯೆದುರಿನ ದೀಪದ ಅರ್ಜಿ ಅದರ ಕೆಳಗಿರಲಿ.